ಮಿಷಿಗನ್‌ನ 13ನೇ ಕ್ಷೇತ್ರ: ಗಡಿ ಬದಲಾದ ಬಗೆ, ಗೆಲುವು ತೀರ್ಮಾನವಾಗುವ ಬಗೆ

2023ರ ಜನವರಿಯಲ್ಲಿ ಅಮೆರಿಕದ 118ನೇ ಕಾಂಗ್ರೆಸ್ ಕೂಡಿದಾಗ, ಡೆಟ್ರಾಯಿಟ್ ನಗರವನ್ನು ಪ್ರತಿನಿಧಿಸುವ ಸದಸ್ಯರಲ್ಲಿ ಒಬ್ಬರೂ ಕಪ್ಪುವರ್ಣೀಯರಾಗಿರಲಿಲ್ಲ. 1955ರಿಂದ ಅಲ್ಲಿಯವರೆಗೆ ಹಾಗೆ ಆದದ್ದೇ ಇಲ್ಲ. ನಗರದ ಜನಸಂಖ್ಯೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಕಪ್ಪುವರ್ಣೀಯರು. ಆದರೂ ನಗರ ಹಂಚಿಹೋಗಿರುವ ಎರಡು ಕ್ಷೇತ್ರಗಳ ಪೈಕಿ 12ನೆಯದರಿಂದ ಪ್ಯಾಲೆಸ್ಟೀನ್ ಮೂಲದ ರಶೀದಾ ತ್ಲೈಬ್ ಆರಿಸಿಬಂದಿದ್ದರು. 13ನೆಯದರಿಂದ ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದು, 1979ರಲ್ಲಿ ಉನ್ನತ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಹೋದ ಶ್ರೀ ಠಾಣೇದಾರ್ ಗೆದ್ದಿದ್ದರು. ಮರಾಠಿ ಮನೆಮಾತಿನ ಬೆಳಗಾವಿಯ ಹುಡುಗನೊಬ್ಬ ಅಮೆರಿಕದ ಸಂಸತ್ತಿಗೆ ಹೋದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಹೆಮ್ಮೆಯ ಸುದ್ದಿಯಾಗಿ ಬಂತು. ಡೆಟ್ರಾಯಿಟ್‌ನಲ್ಲಿ ಅದೇ ಫಲಿತಾಂಶ ಅನೇಕರಿಗೆ ಒಂದು ನಷ್ಟವಾಗಿ ಕಂಡಿತು. ಈ ಎರಡು ಭಾವನೆಗಳೂ ಪ್ರಾಮಾಣಿಕವೇ. ಆದರೆ ಎರಡನ್ನೂ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕಾದರೆ 13ನೇ ಕ್ಷೇತ್ರ ಎಂಬುದು ಹೇಗೆ ಹುಟ್ಟಿತು, ಎಲ್ಲೆಲ್ಲಿ ಅಲೆಯಿತು, ಇಂದು ಅದರೊಳಗೆ ಯಾರು ಯಾರು ಇದ್ದಾರೆ ಎಂಬುದನ್ನು ನೋಡಬೇಕಾಗುತ್ತದೆ.

ಈ ಫಲಿತಾಂಶಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಕೊಡಲಾಗುತ್ತದೆ. ಗಡಿಗಳನ್ನು ಹೊಸದಾಗಿ ಎಳೆದವರು ಕಪ್ಪುವರ್ಣೀಯರ ಬಲವನ್ನು ಒಡೆದರು ಎಂಬುದು ಒಂದು; ಶ್ರೀಮಂತ ಅಭ್ಯರ್ಥಿ ಹಣ ಸುರಿದು ಗೆದ್ದರು ಎಂಬುದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ಆದರೆ ಈ ಕ್ಷೇತ್ರದ ಎಪ್ಪತ್ತು ವರ್ಷಗಳ ದಾಖಲೆಯನ್ನು ಒಟ್ಟಾಗಿ ಇಟ್ಟು ನೋಡಿದರೆ, ಅವುಗಳಿಗಿಂತ ದೊಡ್ಡ ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ: ನಗರ ತನ್ನ ಜನರನ್ನು ಕಳೆದುಕೊಂಡದ್ದು, ಮತ್ತು ನವೆಂಬರ್‌ನ ಸಾರ್ವತ್ರಿಕ ಚುನಾವಣೆಯಲ್ಲಿ ಅಲ್ಲದೆ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಆಗಸ್ಟ್‌ನ ಪ್ರಾಥಮಿಕ ಚುನಾವಣೆಯಲ್ಲೇ, ಬಹುಮತವಿಲ್ಲದೆಯೇ, ಗೆಲುವು ತೀರ್ಮಾನವಾಗಿಬಿಡುವ ಪದ್ಧತಿ.

ಮೊದಲು ಲೆಕ್ಕ. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಒಟ್ಟು 435 ಸ್ಥಾನಗಳು. ಈ ಸಂಖ್ಯೆ ಒಂದು ಶತಮಾನದಿಂದ ಹೆಚ್ಚುಕಡಿಮೆ ಬದಲಾಗಿಲ್ಲ. ಹತ್ತು ವರ್ಷಕ್ಕೊಮ್ಮೆ ಜನಗಣತಿ ಮುಗಿದ ಕೂಡಲೇ ಈ ಸ್ಥಾನಗಳನ್ನು ರಾಜ್ಯಗಳ ನಡುವೆ ಮತ್ತೆ ಹಂಚಲಾಗುತ್ತದೆ. ಜನಸಂಖ್ಯೆ ವೇಗವಾಗಿ ಬೆಳೆದ ರಾಜ್ಯಕ್ಕೆ ಸ್ಥಾನ ಸಿಗುತ್ತದೆ, ನಿಧಾನವಾಗಿ ಬೆಳೆದ ರಾಜ್ಯ ಕಳೆದುಕೊಳ್ಳುತ್ತದೆ. ಮಿಷಿಗನ್ ಕಳೆದುಕೊಂಡವರ ಸಾಲಿಗೆ ಸೇರಿದ ರಾಜ್ಯ. 1960 ಮತ್ತು 1970ರ ಗಣತಿಗಳ ನಂತರ ಅದಕ್ಕೆ 19 ಸ್ಥಾನಗಳಿದ್ದವು. ಅಲ್ಲಿಂದ ಮುಂದೆ 18, 16, 15, 14 ಎಂದು ಇಳಿಯುತ್ತ 2020ರ ಗಣತಿಯ ನಂತರ 13ಕ್ಕೆ ಬಂದಿದೆ. ಒಂದೊಂದು ಸ್ಥಾನ ಹೋದಾಗಲೂ ಇಡೀ ರಾಜ್ಯದ ನಕ್ಷೆಯನ್ನು ಹೊಸದಾಗಿ ಬರೆಯಬೇಕು, ಸಂಖ್ಯೆಗಳನ್ನೂ ಹೊಸದಾಗಿ ಕೊಡಬೇಕು. ಹಾಗಾಗಿ 13ನೇ ಕ್ಷೇತ್ರ ಎಂದಾಗ ಅದು ಒಂದೇ ಊರು ಎಂದು ಭಾವಿಸುವಂತಿಲ್ಲ. 1955ರಿಂದ 1993ರವರೆಗೆ ಆ ಸಂಖ್ಯೆ ಡೆಟ್ರಾಯಿಟ್‌ನ ಒಳಭಾಗದ್ದಾಗಿತ್ತು. 1993ರಿಂದ ಹತ್ತು ವರ್ಷ ಅದು ವಿಶ್ವವಿದ್ಯಾಲಯದ ಊರಾದ ಆ್ಯನ್ ಆರ್ಬರ್‌ನತ್ತ ಹೋಯಿತು. ಆ ಅವಧಿಯ ಬಹುಪಾಲು ಅದನ್ನು ಪ್ರತಿನಿಧಿಸಿದವರು ಲಿನ್ ರಿವರ್ಸ್. ಅದೇ ಹತ್ತು ವರ್ಷಗಳಲ್ಲಿ ಡೆಟ್ರಾಯಿಟ್‌ನ ಕ್ಷೇತ್ರಗಳಿಗೆ 14 ಮತ್ತು 15 ಎಂಬ ಸಂಖ್ಯೆಗಳಿದ್ದವು. 2003ರಲ್ಲಿ 13 ಎಂಬ ಸಂಖ್ಯೆ ಮರಳಿ ಡೆಟ್ರಾಯಿಟ್‌ಗೆ ಬಂತು. ಜಾನ್ ಕಾನ್ಯರ್ಸ್ 1965ರಿಂದ 2017ರವರೆಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸದಸ್ಯರಾಗಿದ್ದರು; ಆ ಅವಧಿಯಲ್ಲಿ ಅವರ ಕ್ಷೇತ್ರದ ಸಂಖ್ಯೆ ಮೊದಲು 1, ಆಮೇಲೆ 14, ಕೊನೆಗೆ 13. ಅವರು ಊರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ.

ಡೆಟ್ರಾಯಿಟ್‌ನ 13ನೇ ಕ್ಷೇತ್ರಕ್ಕೆ ಚರಿತ್ರೆಯಲ್ಲಿ ಹೆಸರು ತಂದವರು ಚಾರ್ಲ್ಸ್ ಡಿಗ್ಸ್. 1954ರ ಚುನಾವಣೆಯಲ್ಲಿ ಗೆದ್ದು ಮಿಷಿಗನ್ನಿನಿಂದ ಕಾಂಗ್ರೆಸ್ಸಿಗೆ ಹೋದ ಮೊದಲ ಕಪ್ಪುವರ್ಣೀಯ ಅವರು. ಸದಸ್ಯರಾದ ಮೊದಲ ವರ್ಷವೇ, ಮಿಸಿಸಿಪಿಯಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಬಾಲಕನನ್ನು ಕೊಂದವರ ವಿಚಾರಣೆ ನಡೆದಾಗ, ಅವರು ಅಲ್ಲಿಗೆ ಹೋಗಿ ನ್ಯಾಯಾಲಯದಲ್ಲಿ ಕುಳಿತರು. ಆ ಕಾಲದಲ್ಲಿ ದಕ್ಷಿಣದ ರಾಜ್ಯಗಳ ಒಂದು ಕೋಟಿಗೂ ಹೆಚ್ಚು ಕಪ್ಪುವರ್ಣೀಯರಿಗೆ ತಮ್ಮವನೆಂದು ಹೇಳಿಕೊಳ್ಳಲು ಒಬ್ಬ ಪ್ರತಿನಿಧಿಯೂ ಇರಲಿಲ್ಲವಾದ್ದರಿಂದ, ಡೆಟ್ರಾಯಿಟ್‌ನ ಸದಸ್ಯ ತನ್ನ ಕ್ಷೇತ್ರದ ಗಡಿಯಾಚೆಗಿನವರಿಗೂ ಪ್ರತಿನಿಧಿಯಾಗಬೇಕಾಯಿತು. ಮುಂದೆ 1971ರಲ್ಲಿ ಕಾಂಗ್ರೆಸ್ಸಿನ ಕಪ್ಪುವರ್ಣೀಯ ಸದಸ್ಯರ ಒಕ್ಕೂಟ ರೂಪುಗೊಂಡಾಗ ಅದರ ಮೊದಲ ಅಧ್ಯಕ್ಷರೂ ಡಿಗ್ಸ್ ಅವರೇ. ಸಿಬ್ಬಂದಿಯ ವೇತನದ ಹಣ ದುರುಪಯೋಗಪಡಿಸಿದ ಪ್ರಕರಣದಲ್ಲಿ 1978ರಲ್ಲಿ ಅಪರಾಧಿಯೆಂದು ತೀರ್ಪಾಗಿ, 1980ರಲ್ಲಿ ರಾಜೀನಾಮೆ ಕೊಟ್ಟು ಅವರು ಹೊರನಡೆದರು. ಇತ್ತ 1964ರಲ್ಲಿ, ಒಂದೇ ರಾಜ್ಯದ ಕ್ಷೇತ್ರಗಳ ಜನಸಂಖ್ಯೆ ಸಾಧ್ಯವಾದಷ್ಟು ಸಮನಾಗಿರಬೇಕೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ವರ್ಷದಲ್ಲೇ, ಡೆಟ್ರಾಯಿಟ್‌ನ ಎರಡನೇ ಕಪ್ಪುವರ್ಣೀಯ ಪ್ರತಿನಿಧಿಯಾಗಿ ಕಾನ್ಯರ್ಸ್ ಆಯ್ಕೆಯಾದರು. ಬಸ್ಸಿನಲ್ಲಿ ಸೀಟು ಬಿಟ್ಟುಕೊಡಲು ಒಪ್ಪದೆ ಚಳವಳಿಗೆ ಕಿಡಿ ಹೊತ್ತಿಸಿದ ರೋಸಾ ಪಾರ್ಕ್ಸ್ 1965ರಿಂದ 1988ರವರೆಗೆ ಕಾನ್ಯರ್ಸ್ ಅವರ ಡೆಟ್ರಾಯಿಟ್ ಕಚೇರಿಯಲ್ಲಿ ಕೆಲಸ ಮಾಡಿದರು.

ಇಂಥ ಕ್ಷೇತ್ರಗಳು ಹುಟ್ಟಿದ್ದು ಹೇಗೆ ಎಂದು ಕೇಳಿದರೆ, ಉತ್ತರವನ್ನು ಚುನಾವಣಾ ಕಾನೂನಿನಲ್ಲಿ ಮಾತ್ರ ಹುಡುಕಿ ಪ್ರಯೋಜನವಿಲ್ಲ; ಮನೆ, ಬೀದಿ, ಸಾಲ ಇವುಗಳಲ್ಲಿ ಹುಡುಕಬೇಕು. ಮೋಟಾರು ಕಾರ್ಖಾನೆಗಳ ಕೂಲಿಗಾಗಿ ದಕ್ಷಿಣದಿಂದ ಲಕ್ಷಾಂತರ ಕಪ್ಪುವರ್ಣೀಯರು ಡೆಟ್ರಾಯಿಟ್‌ಗೆ ಬಂದರು. ಆದರೆ ಅವರು ಎಲ್ಲಿ ಬೇಕಾದರೂ ಮನೆ ಮಾಡುವಂತಿರಲಿಲ್ಲ. ಆಸ್ತಿಪತ್ರಗಳಲ್ಲೇ ಕಪ್ಪುವರ್ಣೀಯರಿಗೆ ಮಾರಕೂಡದೆಂಬ ಷರತ್ತುಗಳಿರುತ್ತಿದ್ದವು. ನಗರದ ವಾಯವ್ಯ ಭಾಗದಲ್ಲಿ, ನಗರದ ಉತ್ತರದ ಗಡಿಯಾದ ಎಂಟನೇ ಮೈಲಿ ರಸ್ತೆಯ ದಕ್ಷಿಣಕ್ಕೆ, ಇವತ್ತಿಗೂ ಒಂದು ಕಾಂಕ್ರೀಟ್ ಗೋಡೆ ನಿಂತಿದೆ. ಎತ್ತರ ಆರು ಅಡಿ, ಉದ್ದ ಸುಮಾರು ಅರ್ಧ ಮೈಲಿ. ಅದನ್ನು ಕಟ್ಟಿದ್ದು 1941ರಲ್ಲಿ. ಪಕ್ಕದಲ್ಲಿ ಕಪ್ಪುವರ್ಣೀಯರ ವಸತಿ ಇದ್ದುದರಿಂದ, ಬಿಳಿಯರಿಗೆಂದು ಎಬ್ಬಿಸುತ್ತಿದ್ದ ಹೊಸ ಬಡಾವಣೆಗೆ ಸರ್ಕಾರದ ಗೃಹಸಾಲದ ಖಾತರಿ ಸಿಗುವುದು ಕಷ್ಟವಾಗಿತ್ತು. ನಡುವೆ ಗೋಡೆ ಎದ್ದಮೇಲೆ ಖಾತರಿ ಸಿಕ್ಕಿತು. ಹಿತ್ತಲುಗಳ ಹಿಂದೆ ಹಾದುಹೋಗುವ ಆ ಗೋಡೆಯ ಒಂದು ಭಾಗದ ಮೇಲೆ ಈಗ ಬಣ್ಣದ ಚಿತ್ರಗಳಿವೆ, ಪಕ್ಕದಲ್ಲಿ ಆಟದ ಮೈದಾನವಿದೆ. ನಗರದ ಮಧ್ಯಭಾಗದಲ್ಲಿದ್ದ ಬ್ಲ್ಯಾಕ್ ಬಾಟಮ್ ಮತ್ತು ಪ್ಯಾರಡೈಸ್ ವ್ಯಾಲಿ ಎಂಬ ಕಪ್ಪುವರ್ಣೀಯರ ಕೇರಿಗಳಿಗೆ ಅಷ್ಟೂ ಉಳಿಗಾಲವಿರಲಿಲ್ಲ. ಅಂಗಡಿ, ಚರ್ಚು, ಸಂಗೀತದ ಕೋಣೆಗಳೊಡನೆ ತುಂಬಿ ತುಳುಕುತ್ತಿದ್ದ ಆ ಬೀದಿಗಳನ್ನು ನಗರ ನವೀಕರಣದ ಹೆಸರಿನಲ್ಲಿ ನೆಲಸಮ ಮಾಡಿ, ಮೇಲೆ ಹೆದ್ದಾರಿ ಹಾಸಲಾಯಿತು.

ನಗರದ ಪೂರ್ವ ಅಂಚಿನ ಕತೆ ಇನ್ನೂ ಸ್ಪಷ್ಟ. ಆಲ್ಟರ್ ರಸ್ತೆಯ ಒಂದು ಬದಿಗೆ ಡೆಟ್ರಾಯಿಟ್, ಇನ್ನೊಂದು ಬದಿಗೆ ಸರೋವರದ ದಡದ ಸಿರಿವಂತರ ಗ್ರಾಸ್ ಪಾಯಿಂಟ್ ಊರುಗಳು. ಗ್ರಾಸ್ ಪಾಯಿಂಟ್‌ನಲ್ಲಿ ಮನೆ ಮಾರುವ ದಲ್ಲಾಳಿಗಳು ಕೊಳ್ಳಲು ಬಂದವರಿಗೆ ಅಂಕ ಕೊಡುವ ಪದ್ಧತಿ ಇಟ್ಟುಕೊಂಡಿದ್ದರು. ಚರ್ಮದ ಬಣ್ಣ, ಉಚ್ಚಾರಣೆ, ಮೂಲ ದೇಶ ಎಲ್ಲಕ್ಕೂ ಅಂಕ. ಯಹೂದಿಗಳಿಗೆ, ದಕ್ಷಿಣ ಯುರೋಪಿನವರಿಗೆ ತೇರ್ಗಡೆಯ ಗೆರೆಯನ್ನೇ ಎತ್ತರಿಸಲಾಗಿತ್ತು. ಕಪ್ಪುವರ್ಣೀಯರಿಗೂ ಏಷ್ಯಾದವರಿಗೂ ಅಂಕ ಪಡೆಯುವ ಅವಕಾಶವೇ ಇರಲಿಲ್ಲ. 1960ರಲ್ಲಿ ಈ ಪದ್ಧತಿ ಬಯಲಿಗೆ ಬಂದು ದೇಶದಾದ್ಯಂತ ಸುದ್ದಿಯಾಯಿತು. ಇಂದು ಆ ಗ್ರಾಸ್ ಪಾಯಿಂಟ್ ಊರುಗಳು 13ನೇ ಕ್ಷೇತ್ರದ ಒಳಗಿವೆ, ಅವುಗಳ ಪ್ರತಿನಿಧಿ ಭಾರತದಲ್ಲಿ ಹುಟ್ಟಿದವರು. ಅರವತ್ತು ವರ್ಷಗಳಲ್ಲಿ ಆದ ಈ ಬದಲಾವಣೆ ಸಣ್ಣದಲ್ಲ ಎಂದು ನಾನು ತಿಳಿದಿದ್ದೇನೆ.

ಆಮೇಲೆ ನಗರ ಬರಿದಾಯಿತು. 1950ರಲ್ಲಿ ಡೆಟ್ರಾಯಿಟ್‌ನಲ್ಲಿ 18,49,568 ಜನರಿದ್ದರು. ರಾಜ್ಯದ ಜನಸಂಖ್ಯೆಯಲ್ಲಿ ಅದು ನೂರಕ್ಕೆ 29ರಷ್ಟು. 1967ರ ದಂಗೆಯಲ್ಲಿ 43 ಮಂದಿ ಸತ್ತರು, ಆದರೆ ಬಿಳಿಯರ ವಲಸೆ ಅದಕ್ಕೂ ಮೊದಲೇ ಶುರುವಾಗಿತ್ತು. ಕಾರ್ಖಾನೆಗಳೂ ಹೊರವಲಯಕ್ಕೆ ಸರಿಯತೊಡಗಿದ್ದವು. ಶಾಲೆಗಳಲ್ಲಿ ವರ್ಣಭೇದ ನಿವಾರಿಸಲು ನಗರದ ಮಕ್ಕಳನ್ನೂ ಉಪನಗರಗಳ ಮಕ್ಕಳನ್ನೂ ಸೇರಿಸಬೇಕೆಂಬ ಯೋಜನೆಯನ್ನು 1974ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದ ಮೇಲೆ, ಎಂಟನೇ ಮೈಲಿ ರಸ್ತೆ ದಾಟಿ ಹೋದವರಿಗೆ ಆ ರಸ್ತೆಯೇ ರಕ್ಷಣೆಯಾಯಿತು. ನಂತರದ ದಶಕಗಳಲ್ಲಿ ಕಪ್ಪುವರ್ಣೀಯ ಮಧ್ಯಮವರ್ಗವೂ ಸೌತ್‌ಫೀಲ್ಡ್‌ನಂಥ ಉಪನಗರಗಳಿಗೆ ಹೊರಟಿತು. 2013ರಲ್ಲಿ ನಗರ ದಿವಾಳಿ ಅರ್ಜಿ ಹಾಕಿತು. 2020ರ ಗಣತಿಯಲ್ಲಿ ಉಳಿದವರು 6,39,111. ಅಂದರೆ ರಾಜ್ಯದ ನೂರಕ್ಕೆ ಆರಕ್ಕಿಂತ ತುಸು ಹೆಚ್ಚು.

ಈ ಸಂಖ್ಯೆಗಳನ್ನು ಕ್ಷೇತ್ರಗಳ ಭಾಷೆಗೆ ತಂದು ನೋಡಿದರೆ ಇಡೀ ವಿವಾದದ ಬೇರು ಕಾಣಿಸುತ್ತದೆ. 1950ರ ಗಣತಿಯ ಲೆಕ್ಕದಲ್ಲಿ ಮಿಷಿಗನ್‌ನ ಒಂದು ಕ್ಷೇತ್ರಕ್ಕೆ ಸರಾಸರಿ ಮೂರೂವರೆ ಲಕ್ಷ ಜನ. ಡೆಟ್ರಾಯಿಟ್ ಒಂದೇ ಐದು ಕ್ಷೇತ್ರಗಳನ್ನು ತುಂಬಬಲ್ಲುದಾಗಿತ್ತು. ಇಂದು ಒಂದು ಕ್ಷೇತ್ರಕ್ಕೆ ಬೇಕಾದವರು ಸುಮಾರು 7,75,000. ಡೆಟ್ರಾಯಿಟ್ ಪೂರ್ತಿಯಾಗಿ ಸೇರಿದರೂ ಒಂದು ಕ್ಷೇತ್ರ ತುಂಬುವುದಿಲ್ಲ. ನಗರಕ್ಕೆ ಎರಡು ಸ್ಥಾನಗಳಲ್ಲಿ ಪ್ರಭಾವ ಉಳಿಯಬೇಕಾದರೆ ಎರಡಕ್ಕೂ ಉಪನಗರಗಳನ್ನು ಜೋಡಿಸಲೇಬೇಕು. ಜೋಡಿಸುವುದು ಎಷ್ಟು, ಯಾವುದನ್ನು ಎಂಬಲ್ಲಿ ಮಾತ್ರ ನಕ್ಷೆ ಬರೆಯುವವರ ಕೈಚಳಕಕ್ಕೆ ಜಾಗವಿದೆ.

2011ರಲ್ಲಿ ನಕ್ಷೆ ಬರೆದವರು ರಾಜ್ಯದ ಶಾಸನಸಭೆಯಲ್ಲಿ ಬಹುಮತವಿದ್ದ ರಿಪಬ್ಲಿಕನ್ನರು. ಡೆಟ್ರಾಯಿಟ್ ಸುತ್ತ ಅವರು 13 ಮತ್ತು 14 ಎಂಬ ಎರಡು ಕ್ಷೇತ್ರಗಳನ್ನು ಕಪ್ಪುವರ್ಣೀಯರ ಬಹುಮತ ಉಳಿಯುವಂತೆ ಮಾಡಿದರು. 14ನೆಯದು ಗ್ರಾಸ್ ಪಾಯಿಂಟ್‌ಗಳಿಂದ ಹೊರಟು ಡೆಟ್ರಾಯಿಟ್‌ನ ಅಂಚಿನಗುಂಟ ತೆವಳಿ, ಸೌತ್‌ಫೀಲ್ಡ್ ಬಳಸಿ, ಉತ್ತರದ ಪಾಂಟಿಯಾಕ್‌ವರೆಗೆ ಕೈಚಾಚಿತ್ತು. ನಕ್ಷೆಯಲ್ಲಿ ಅದರ ಆಕಾರ ನೋಡಿದವರು ಅದನ್ನು ಮರೆಯುವುದಿಲ್ಲ. ಹೀಗೆ ಮಾಡಿದ್ದರಿಂದ ಕಪ್ಪುವರ್ಣೀಯರ ಎರಡು ಕ್ಷೇತ್ರಗಳು ಉಳಿದವು ನಿಜ, ಆದರೆ ಡೆಮಾಕ್ರಟಿಕ್ ಮತದಾರರೆಲ್ಲ ಅವೆರಡರಲ್ಲೇ ತುಂಬಿಹೋಗಿ, ಸುತ್ತಲಿನ ಕ್ಷೇತ್ರಗಳು ರಿಪಬ್ಲಿಕನ್ನರಿಗೆ ಸಲೀಸಾದವು. ಅಲ್ಪಸಂಖ್ಯಾತರ ಪ್ರಾತಿನಿಧ್ಯವನ್ನು ಕಾಪಾಡುವ ಕೆಲಸವೂ ಎದುರಾಳಿ ಪಕ್ಷವನ್ನು ಮೂಲೆಗುಂಪು ಮಾಡುವ ಕೆಲಸವೂ ಒಂದೇ ಗೆರೆಯಿಂದ ಆಗಬಹುದು ಎಂಬುದೇ ಅಮೆರಿಕದ ಗಡಿ ರಾಜಕಾರಣದ ಅತಿ ಕಠಿಣ ಸಂಗತಿ.

ಇದಕ್ಕೆ ಬೇಸತ್ತ ಮಿಷಿಗನ್ ಮತದಾರರು 2018ರಲ್ಲಿ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತಂದರು. ಪರವಾಗಿ ಬಿದ್ದ ಮತ ನೂರಕ್ಕೆ 61. ರಾಜಕಾರಣಿಗಳ ಕೈಯಿಂದ ನಕ್ಷೆಯನ್ನು ಕಿತ್ತು ಹದಿಮೂರು ಸಾಮಾನ್ಯ ನಾಗರಿಕರ ಆಯೋಗಕ್ಕೆ ಕೊಡಲಾಯಿತು: ನಾಲ್ವರು ಡೆಮಾಕ್ರಟರು, ನಾಲ್ವರು ರಿಪಬ್ಲಿಕನ್ನರು, ಯಾವ ಪಕ್ಷಕ್ಕೂ ಸೇರದ ಐವರು, ಆಯ್ಕೆ ಲಾಟರಿ ಮೂಲಕ. ಆಯೋಗ ಬಹಿರಂಗ ಸಭೆಗಳಲ್ಲಿ ಕೆಲಸ ಮಾಡಿ 2021ರ ಡಿಸೆಂಬರ್ 28ರಂದು ಚೆಸ್ಟ್‌ನಟ್ ಎಂಬ ಹೆಸರಿನ ಕಾಂಗ್ರೆಸ್ ನಕ್ಷೆಯನ್ನು ಅಂಗೀಕರಿಸಿತು. ಪಕ್ಷಗಳ ನಡುವಿನ ನ್ಯಾಯದ ದೃಷ್ಟಿಯಿಂದ ಅದು ಹಿಂದಿನದಕ್ಕಿಂತ ಎಷ್ಟೋ ಮೇಲು. ಆದರೆ ತುಂಬಿಹೋಗಿದ್ದ ಮತದಾರರನ್ನು ಹರಡುವ ಪ್ರಯತ್ನದಲ್ಲಿ, ಕಪ್ಪುವರ್ಣೀಯರ ಬಹುಮತವಿದ್ದ ಎರಡೂ ಕ್ಷೇತ್ರಗಳು ಇಲ್ಲವಾದವು. ಹೊಸ 12 ಮತ್ತು 13 ಎರಡರಲ್ಲೂ ಅವರ ಪಾಲು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಕಪ್ಪುವರ್ಣೀಯರು ತಮಗೆ ಬೇಕಾದವರನ್ನು ಗೆಲ್ಲಿಸಲು ಅಷ್ಟು ಪಾಲು ಸಾಕು ಎಂಬ ತಜ್ಞಾಭಿಪ್ರಾಯ ಆಯೋಗದ ಮುಂದಿತ್ತು. ನವೆಂಬರ್ ಚುನಾವಣೆಗಳ ಅಂಕಿಅಂಶದ ಮಟ್ಟಿಗೆ ಅದು ತಪ್ಪಲ್ಲ. ಡೆಟ್ರಾಯಿಟ್‌ನ ಅನೇಕ ನಾಯಕರು ಆಗಲೇ ಎಚ್ಚರಿಸಿದ್ದರು: ಇಲ್ಲಿ ನಿರ್ಣಾಯಕವಾದದ್ದು ನವೆಂಬರ್ ಅಲ್ಲ, ಆಗಸ್ಟ್. ಆ ಎಚ್ಚರಿಕೆಗೆ ತೂಕವಿತ್ತು ಎಂಬುದನ್ನು ಎರಡು ವರ್ಷಗಳ ನಂತರ ನ್ಯಾಯಾಲಯವೇ ತೋರಿಸಿತು. ಇದೇ ಆಯೋಗ ರಾಜ್ಯದ ಶಾಸನಸಭೆಗಾಗಿ ಬರೆದ ನಕ್ಷೆಗಳಲ್ಲಿ ಡೆಟ್ರಾಯಿಟ್ ಪ್ರದೇಶದ 13 ಕ್ಷೇತ್ರಗಳನ್ನು ಜನಾಂಗವನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು ಎಳೆಯಲಾಗಿದೆ, ಆದ್ದರಿಂದ ಅವು ಸಂವಿಧಾನಬಾಹಿರ ಎಂದು 2023ರ ಡಿಸೆಂಬರ್‌ನಲ್ಲಿ ಮೂವರು ನ್ಯಾಯಾಧೀಶರ ಫೆಡರಲ್ ಪೀಠ ತೀರ್ಪಿತ್ತು ಅವುಗಳನ್ನು ಮತ್ತೆ ಬರೆಸಿತು. ಕಾಂಗ್ರೆಸ್ ನಕ್ಷೆ ಆ ಮೊಕದ್ದಮೆಯ ವ್ಯಾಪ್ತಿಗೆ ಬರಲಿಲ್ಲ, ಅದು ಹಾಗೇ ಉಳಿಯಿತು.

ಈಗಿನ 13ನೇ ಕ್ಷೇತ್ರದಲ್ಲಿ ಡೆಟ್ರಾಯಿಟ್‌ನ ಬಹುಭಾಗವಿದೆ. ನಗರದ ಪಶ್ಚಿಮದ ಕೆಲವು ಭಾಗಗಳು ಮಾತ್ರ 12ಕ್ಕೆ ಸೇರಿವೆ. ಪೂರ್ವಕ್ಕೆ ಗ್ರಾಸ್ ಪಾಯಿಂಟ್‌ಗಳು. ನದಿಯ ಕೆಳದಂಡೆಗೆ ರಿವರ್ ರೂಜ್, ಎಕೋರ್ಸ್, ಲಿಂಕನ್ ಪಾರ್ಕ್, ವಯಂಡಾಟ್ ಮುಂತಾದ ಕಾರ್ಮಿಕರ ಊರುಗಳು. ನಗರದ ಹೊಟ್ಟೆಯೊಳಗೇ ಸ್ವತಂತ್ರ ನಗರಗಳಾಗಿ ಉಳಿದಿರುವ ಹ್ಯಾಮ್‌ಟ್ರಾಮಿಕ್ ಮತ್ತು ಹೈಲ್ಯಾಂಡ್ ಪಾರ್ಕ್ ಕೂಡ ಇದರಲ್ಲೇ ಇವೆ. ಹ್ಯಾಮ್‌ಟ್ರಾಮಿಕ್ ಹಿಂದೊಮ್ಮೆ ಪೋಲೆಂಡಿನಿಂದ ಬಂದವರ ಊರು. ಈಗ ಯೆಮನ್ ಮತ್ತು ಬಾಂಗ್ಲಾದೇಶದಿಂದ ಬಂದ ಕುಟುಂಬಗಳು ಅದರ ಅಂಗಡಿ ಬೀದಿಗಳನ್ನು ತುಂಬಿವೆ, 2015ರಲ್ಲಿ ಅಲ್ಲಿನ ನಗರಸಭೆಗೆ ಮುಸ್ಲಿಂ ಸದಸ್ಯರ ಬಹುಮತ ಬಂತು. ಹೈಲ್ಯಾಂಡ್ ಪಾರ್ಕ್‌ನಲ್ಲಿ 1913ರಲ್ಲಿ ಹೆನ್ರಿ ಫೋರ್ಡ್ ಚಲಿಸುವ ಜೋಡಣಾ ಸಾಲನ್ನು ಶುರುಮಾಡಿ ಜಗತ್ತಿನ ಕೈಗಾರಿಕೆಯ ದಿಕ್ಕನ್ನೇ ಬದಲಿಸಿದ. 1930ರಲ್ಲಿ ಆ ಪುಟ್ಟ ನಗರದಲ್ಲಿ 52,959 ಜನ, 2020ರಲ್ಲಿ 8,977. ಬಾಕಿ ಉಳಿದ ವಿದ್ಯುತ್ ಬಿಲ್ಲು ಕಟ್ಟಲಾಗದೆ 2011ರಲ್ಲಿ ಅದು ತನ್ನ ಬೀದಿದೀಪಗಳಲ್ಲಿ ಹೆಚ್ಚಿನವನ್ನು ಕಳೆದುಕೊಂಡಿತು. ವಿದ್ಯುತ್ ಕಂಪನಿಯವರು ಬಂದು ದೀಪಗಳನ್ನಷ್ಟೇ ಅಲ್ಲ, ಕಂಬಗಳನ್ನೂ ಕಿತ್ತು ಕೊಂಡೊಯ್ದರು.

ಇಷ್ಟು ಬಗೆಯ ಜನ ಸೇರಿದ ಕ್ಷೇತ್ರ ನವೆಂಬರ್‌ನಲ್ಲಿ ಮಾತ್ರ ಒಂದೇ ಕಡೆ ವಾಲುತ್ತದೆ. 2022ರಲ್ಲಿ ಠಾಣೇದಾರ್ ಅವರಿಗೆ ನೂರಕ್ಕೆ ಸುಮಾರು 71 ಮತ. ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾದವರು ಗೆದ್ದಂತೆಯೇ. ಆದ್ದರಿಂದ ಅಭ್ಯರ್ಥಿ ಯಾರೆಂದು ತೀರ್ಮಾನಿಸುವ ಆಗಸ್ಟ್‌ನ ಪ್ರಾಥಮಿಕ ಚುನಾವಣೆಯೇ ನಿಜವಾದ ಚುನಾವಣೆ. ಅದರಲ್ಲಿ ಬಹುಮತ ಬೇಕಿಲ್ಲ, ಎರಡನೇ ಸುತ್ತಿಲ್ಲ. ಎಲ್ಲರಿಗಿಂತ ಒಂದು ಮತ ಹೆಚ್ಚು ಬಂದರೆ ಸಾಕು. ಮತದಾನದ ಪ್ರಮಾಣವೂ ನವೆಂಬರ್‌ಗಿಂತ ಬಹಳ ಕಡಿಮೆ. 2022ರ ಆಗಸ್ಟ್‌ನಲ್ಲಿ ಒಂಬತ್ತು ಅಭ್ಯರ್ಥಿಗಳಿದ್ದರು. ಠಾಣೇದಾರ್‌ಗೆ ಬಂದದ್ದು ನೂರಕ್ಕೆ 28. ರಾಜ್ಯದ ಸೆನೆಟರ್ ಆಗಿದ್ದ ಆ್ಯಡಮ್ ಹಾಲಿಯರ್‌ಗೆ ಸುಮಾರು 23. ಪೋರ್ಶಿಯಾ ರಾಬರ್‌ಸನ್‌ಗೆ ಸುಮಾರು 17. ಉಳಿದ ಮತ ಕಾನ್ಯರ್ಸ್ ಅವರ ಮಗನೂ ಸೇರಿದಂತೆ ಇತರರ ನಡುವೆ ಚದುರಿತು. ಠಾಣೇದಾರ್ ಅವರ ವಿರುದ್ಧ ನಿಂತವರಲ್ಲಿ ಹೆಚ್ಚಿನವರು ಕಪ್ಪುವರ್ಣೀಯರು, ಒಟ್ಟು ಮತದಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಇವರ ವಿರುದ್ಧ ಬಿದ್ದಿತ್ತು.

ಹಣದ ಮಾತನ್ನು ಬಿಡುವಂತಿಲ್ಲ. ರಾಸಾಯನಿಕ ಪರೀಕ್ಷೆಯ ಪ್ರಯೋಗಾಲಯಗಳನ್ನು ಕಟ್ಟಿ ಶ್ರೀಮಂತರಾದ ಠಾಣೇದಾರ್ ದಶಲಕ್ಷಗಟ್ಟಲೆ ಡಾಲರ್ ಸ್ವಂತ ಹಣ ಹೂಡಿದರು. 2018ರಲ್ಲಿ ಗವರ್ನರ್ ಹುದ್ದೆಯ ಪ್ರಾಥಮಿಕ ಚುನಾವಣೆಗೂ ಅವರು ಹೀಗೆಯೇ ಹಣ ಹಾಕಿ ಸೋತಿದ್ದರು, ಆದರೆ ಆ ಪ್ರಚಾರದಿಂದ ಅವರ ಹೆಸರು ಮನೆಮನೆಗೆ ತಲುಪಿತ್ತು. ಅನಂತರ ಆ್ಯನ್ ಆರ್ಬರ್ ಬಿಟ್ಟು ಡೆಟ್ರಾಯಿಟ್‌ಗೆ ಬಂದು 2020ರಲ್ಲಿ ರಾಜ್ಯದ ಶಾಸನಸಭೆಗೆ ಗೆದ್ದರು. ಆದರೆ ಹಣ ಒಂದೇ ಕಡೆ ಇರಲಿಲ್ಲ. ಇಸ್ರೇಲ್ ಪರ ಲಾಬಿ ಸಂಸ್ಥೆಯಾದ ಐಪ್ಯಾಕ್‌ನ ಚುನಾವಣಾ ನಿಧಿ ಹಾಲಿಯರ್ ಪರವಾಗಿ 40 ಲಕ್ಷ ಡಾಲರ್‌ಗಿಂತ ಹೆಚ್ಚು ಖರ್ಚು ಮಾಡಿತ್ತು. ಹಣವೇ ಎಲ್ಲವೂ ಆಗಿದ್ದರೆ ಫಲಿತಾಂಶ ಇಷ್ಟು ಸರಳವಾಗಿ ಒಂದು ಕಡೆಗೆ ಬರುತ್ತಿರಲಿಲ್ಲ.

ಗಡಿಯ ಬದಲಾವಣೆಯೇ ಎಲ್ಲವೂ ಎನ್ನುವವರಿಗೆ ಹಳೆಯ ನಕ್ಷೆಯಿಂದಲೇ ಉತ್ತರವಿದೆ. 2012ರಲ್ಲಿ, ಕಪ್ಪುವರ್ಣೀಯರ ಬಹುಮತಕ್ಕೆಂದೇ ಉಳಿಸಿದ್ದ 14ನೇ ಕ್ಷೇತ್ರದ ಪ್ರಾಥಮಿಕ ಚುನಾವಣೆಯಲ್ಲಿ ಬಿಳಿಯರಾದ ಗ್ಯಾರಿ ಪೀಟರ್ಸ್ ಗೆದ್ದರು. ಸೋತವರು ಆಗ 13ನೇ ಕ್ಷೇತ್ರದ ಸದಸ್ಯರಾಗಿದ್ದ ಹ್ಯಾನ್ಸನ್ ಕ್ಲಾರ್ಕ್. ಕ್ಲಾರ್ಕ್ ಅವರ ತಂದೆ ಇಂದಿನ ಬಾಂಗ್ಲಾದೇಶದ ಪ್ರದೇಶದಿಂದ ಬಂದವರು, ತಾಯಿ ಕಪ್ಪುವರ್ಣೀಯರು. ಅಂದರೆ ದಕ್ಷಿಣ ಏಷ್ಯಾದ ಮೂಲದವರೊಬ್ಬರು ಡೆಟ್ರಾಯಿಟ್‌ನ 13ನೇ ಕ್ಷೇತ್ರವನ್ನು ಠಾಣೇದಾರ್‌ಗಿಂತ ಹತ್ತು ವರ್ಷ ಮೊದಲೇ ಪ್ರತಿನಿಧಿಸಿದ್ದರು. 2018ರ ಪ್ರಸಂಗ ಇನ್ನೂ ಗಮನಾರ್ಹ. ಲೈಂಗಿಕ ಕಿರುಕುಳದ ಆರೋಪಗಳು ಬಂದು ಕಾನ್ಯರ್ಸ್ 2017ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟಿದ್ದರಿಂದ, ಅವರ ಉಳಿದ ಕೆಲವು ವಾರಗಳ ಅವಧಿಗೆ ಒಂದು, ಮುಂದಿನ ಎರಡು ವರ್ಷದ ಅವಧಿಗೆ ಇನ್ನೊಂದು, ಹೀಗೆ ಎರಡು ಪ್ರಾಥಮಿಕ ಚುನಾವಣೆಗಳು ಆಗಸ್ಟ್ 7ರಂದು ಒಟ್ಟಿಗೇ ನಡೆದವು. ನಾಲ್ವರು ನಿಂತ ಮೊದಲನೆಯದರಲ್ಲಿ ಡೆಟ್ರಾಯಿಟ್ ನಗರಸಭೆಯ ಅಧ್ಯಕ್ಷೆ, ಕಪ್ಪುವರ್ಣೀಯರಾದ ಬ್ರೆಂಡಾ ಜೋನ್ಸ್ ಗೆದ್ದರು. ಆರು ಮಂದಿ ನಿಂತ ಎರಡನೆಯದರಲ್ಲಿ ನೂರಕ್ಕೆ ಸುಮಾರು 31 ಮತ ಪಡೆದ ತ್ಲೈಬ್, ಸುಮಾರು 30 ಪಡೆದ ಜೋನ್ಸ್ ಅವರನ್ನು ಸೋಲಿಸಿದರು. ಅದೇ ಗಡಿ, ಅದೇ ದಿನ, ಅದೇ ಮತದಾರರು. ಅಭ್ಯರ್ಥಿಗಳ ಸಂಖ್ಯೆ ಬದಲಾದಾಗ ಪ್ರತಿನಿಧಿಯೇ ಬದಲಾದರು. ಜೋನ್ಸ್ ಐದಾರು ವಾರ ಸದಸ್ಯೆಯಾಗಿದ್ದು ಮರಳಿದರು.

2022ರ ನವೆಂಬರ್‌ನಲ್ಲಿ ಆದ ಇನ್ನೊಂದು ಸಂಗತಿಯನ್ನೂ ಇದರ ಜೊತೆಗಿಟ್ಟು ನೋಡಬೇಕು. ಡೆಟ್ರಾಯಿಟ್‌ನ ಉತ್ತರಕ್ಕೆ, ಬಿಳಿಯರೇ ಹೆಚ್ಚಾಗಿರುವ ಹೊಸ 10ನೇ ಕ್ಷೇತ್ರದಲ್ಲಿ ರಿಪಬ್ಲಿಕನ್ ಪಕ್ಷದ ಜಾನ್ ಜೇಮ್ಸ್ ಗೆದ್ದರು. ಅವರು ಕಪ್ಪುವರ್ಣೀಯರು. ಮಿಷಿಗನ್‌ನ ನಿಯೋಗದಲ್ಲಿ ಒಬ್ಬ ಕಪ್ಪುವರ್ಣೀಯ ಸದಸ್ಯ ಉಳಿದರು, ಆದರೆ ಡೆಟ್ರಾಯಿಟ್‌ನ ಬಹುಪಾಲು ಮತದಾರರು ಒಪ್ಪದ ಪಕ್ಷದಿಂದ. ಪ್ರಾತಿನಿಧ್ಯವೆಂದರೆ ಆಯ್ಕೆಯಾದವರ ಮೈಬಣ್ಣವೇ, ಆಯ್ಕೆ ಮಾಡಿದವರ ಇಷ್ಟವೇ ಎಂಬ ಪ್ರಶ್ನೆಗೆ ಅಮೆರಿಕದ ಕಾನೂನು ಎರಡನೆಯದೇ ಎನ್ನುತ್ತದೆ. 1965ರ ಮತದಾನ ಹಕ್ಕು ಕಾಯ್ದೆ, 1982ರ ತಿದ್ದುಪಡಿಯ ನಂತರ, ಅಲ್ಪಸಂಖ್ಯಾತ ಮತದಾರರಿಗೆ ತಮಗೆ ಬೇಕಾದ ಅಭ್ಯರ್ಥಿಯನ್ನು ಗೆಲ್ಲಿಸುವ ಅವಕಾಶ ಇರಬೇಕೆನ್ನುತ್ತದೆ. ಅಭ್ಯರ್ಥಿ ಅದೇ ಸಮುದಾಯದವನಾಗಿರಬೇಕೆಂದು ಹೇಳುವುದಿಲ್ಲ.

ಇಲ್ಲಿ ನಮ್ಮ ಚಿಕ್ಕೋಡಿಯ ಉದಾಹರಣೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಠಾಣೇದಾರ್ ಹುಟ್ಟಿದ ಆ ಊರಿನ ಹೆಸರಿನ ಲೋಕಸಭಾ ಕ್ಷೇತ್ರ ದಶಕಗಳ ಕಾಲ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು, ಬಿ. ಶಂಕರಾನಂದ ಅಲ್ಲಿಂದ ಮತ್ತೆ ಮತ್ತೆ ಆರಿಸಿಹೋಗಿ ಕೇಂದ್ರ ಸಚಿವರಾಗಿದ್ದರು. 2008ರ ಮರುವಿಂಗಡಣೆಯಲ್ಲಿ ಅದು ಸಾಮಾನ್ಯ ಕ್ಷೇತ್ರವಾಯಿತು. ಮೀಸಲು ಕ್ಷೇತ್ರದಲ್ಲಿ ಎಲ್ಲ ಜಾತಿಯವರೂ ಮತ ಹಾಕುತ್ತಾರೆ, ನಿಲ್ಲುವವರು ಮಾತ್ರ ಪರಿಶಿಷ್ಟರಾಗಿರಬೇಕು. ಎಷ್ಟು ಜನ ನಿಂತರೂ, ಮತ ಎಷ್ಟು ಚದುರಿದರೂ, ಗೆಲ್ಲುವವರು ಆ ಸಮುದಾಯದವರೇ. ಅಮೆರಿಕದಲ್ಲಿ ಇಂಥ ಖಾತರಿ ಇಲ್ಲ. ಗಡಿ ಎಳೆಯುವುದೊಂದೇ ಅಲ್ಲಿನ ಸಾಧನ, ಆ ಸಾಧನ ಒಂಬತ್ತು ಜನರ ಪೈಪೋಟಿಯ ಮುಂದೆ ಕೆಲಸಕ್ಕೆ ಬರಲಿಲ್ಲ. ಹಾಗೆಂದು ನಮ್ಮ ಪದ್ಧತಿಯಲ್ಲಿ ಕೊರತೆ ಇಲ್ಲವೆಂದಲ್ಲ: ಮೀಸಲು ಕ್ಷೇತ್ರದಲ್ಲಿ ಗೆಲುವನ್ನು ತೀರ್ಮಾನಿಸುವವರು ಬಹುಮಟ್ಟಿಗೆ ಪರಿಶಿಷ್ಟೇತರ ಮತದಾರರೇ ಎಂಬುದು ಅಂಬೇಡ್ಕರ್ ಕಾಲದಿಂದಲೂ ಇರುವ ಆಕ್ಷೇಪ. ಅಲ್ಲಿ ಮತದಾರರ ಅವಕಾಶಕ್ಕೆ ರಕ್ಷಣೆ, ಇಲ್ಲಿ ಅಭ್ಯರ್ಥಿಯ ಗುರುತಿಗೆ ರಕ್ಷಣೆ.

ಅಮೆರಿಕದ ಆ ರಕ್ಷಣೆಯೂ ಇತ್ತೀಚೆಗೆ ಪರೀಕ್ಷೆಗೆ ಒಳಗಾಗಿದೆ. ಪಕ್ಷದ ಲಾಭಕ್ಕಾಗಿ ಗಡಿ ತಿರುಚಿದರೆ ಫೆಡರಲ್ ನ್ಯಾಯಾಲಯಗಳು ಕೈಹಾಕುವುದಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿತು. 2025ರಲ್ಲಿ ಟೆಕ್ಸಸ್, ಜನಗಣತಿಗೆ ಕಾಯದೆ, ರಿಪಬ್ಲಿಕನ್ನರಿಗೆ ಐದು ಸ್ಥಾನ ಹೆಚ್ಚಿಸುವ ಉದ್ದೇಶದ ನಕ್ಷೆ ಬರೆದುಕೊಂಡಿತು. ಉತ್ತರವಾಗಿ ಕ್ಯಾಲಿಫೋರ್ನಿಯಾ ಮತದಾರರು ನವೆಂಬರ್‌ನಲ್ಲಿ ತಮ್ಮ ಸ್ವತಂತ್ರ ಆಯೋಗದ ನಕ್ಷೆಯನ್ನು ಬದಿಗಿಟ್ಟು ಡೆಮಾಕ್ರಟರಿಗೆ ಅನುಕೂಲವಾದ ನಕ್ಷೆಗೆ ಒಪ್ಪಿಗೆ ಕೊಟ್ಟರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಲೂಸಿಯಾನದ ಪ್ರಕರಣವೊಂದರಲ್ಲಿ, ಕಪ್ಪುವರ್ಣೀಯರ ಬಹುಮತದ ಕ್ಷೇತ್ರವನ್ನು ಉದ್ದೇಶಪೂರ್ವಕವಾಗಿ ರಚಿಸುವುದೇ ಸಂವಿಧಾನಕ್ಕೆ ವಿರುದ್ಧವೇ ಎಂಬ ಪ್ರಶ್ನೆಯ ಮೇಲೆ ಸುಪ್ರೀಂ ಕೋರ್ಟಿನಲ್ಲಿ ಮರುವಾದ ನಡೆಯಿತು. ಗಡಿಯನ್ನು ಹೀಗೆ ಎರಡು ಕಡೆಯಿಂದಲೂ ಎಳೆದಾಡುತ್ತಿರುವಾಗ ಮಿಷಿಗನ್‌ನ ನಾಗರಿಕ ಆಯೋಗ, ತನ್ನ ಎಲ್ಲ ತಪ್ಪುಗಳೊಡನೆ, ಉಳಿಸಿಕೊಳ್ಳಬೇಕಾದ ಏರ್ಪಾಡು ಎಂಬುದು ನನ್ನ ಖಚಿತ ಅಭಿಪ್ರಾಯ. ತಿದ್ದಬೇಕಾದದ್ದು ಪ್ರಾಥಮಿಕ ಚುನಾವಣೆಯ ನಿಯಮ. ಎರಡನೇ ಸುತ್ತು ಇದ್ದಿದ್ದರೆ, ಅಥವಾ ಮತದಾರರು ಅಭ್ಯರ್ಥಿಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಗುರುತಿಸುವ ಪದ್ಧತಿ ಇದ್ದಿದ್ದರೆ, 2018ರಲ್ಲಿ ಮತ್ತು 2022ರಲ್ಲಿ ಗೆದ್ದವರು ಯಾರೇ ಆಗಿರಲಿ, ಅವರ ಬೆನ್ನ ಹಿಂದೆ ಬಹುಮತ ಇರುತ್ತಿತ್ತು.

ಕರ್ನಾಟಕದ ಓದುಗರಿಗೆ ಈ ಚರ್ಚೆ ದೂರದ್ದಲ್ಲ. ನಮ್ಮಲ್ಲಿ ರಾಜ್ಯಗಳ ಲೋಕಸಭಾ ಸ್ಥಾನಗಳ ಸಂಖ್ಯೆಯನ್ನು 1971ರ ಗಣತಿಗೆ ಕಟ್ಟಿಹಾಕಲಾಗಿದೆ. ಸಂವಿಧಾನದ 42ನೇ ಮತ್ತು 84ನೇ ತಿದ್ದುಪಡಿಗಳು 2026ರ ನಂತರದ ಮೊದಲ ಗಣತಿಯವರೆಗೆ ಅದನ್ನು ಹಿಡಿದಿಟ್ಟಿವೆ. ಕರ್ನಾಟಕದ 28 ಕ್ಷೇತ್ರಗಳಲ್ಲಿ ಒಂದೊಂದಕ್ಕೆ, 2011ರ ಗಣತಿಯ ಪ್ರಕಾರ, ಸರಾಸರಿ ಸುಮಾರು 22 ಲಕ್ಷ ಜನ. ಹತ್ತು ವರ್ಷಕ್ಕೊಮ್ಮೆ ತಪ್ಪದೆ ಮರುಹಂಚಿಕೆ ಮಾಡುವ ದೇಶದಲ್ಲಿ, ನಿಧಾನವಾಗಿ ಬೆಳೆದ ರಾಜ್ಯವೊಂದು ಐವತ್ತು ವರ್ಷಗಳಲ್ಲಿ 19ರಿಂದ 13ಕ್ಕೆ ಇಳಿದದ್ದನ್ನು ದಕ್ಷಿಣದ ರಾಜ್ಯಗಳು ಗಮನಿಸಬೇಕು. ಅದಕ್ಕಿಂತ ಮುಖ್ಯವಾಗಿ, ರಾಜ್ಯ ಕಳೆದುಕೊಂಡಾಗ ಆ ನಷ್ಟ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ, ಅದರ ಹೆಚ್ಚಿನ ಭಾರ ಡೆಟ್ರಾಯಿಟ್‌ನ ಮೇಲೆ ಬಿತ್ತು ಎಂಬುದನ್ನು ನೆನಪಿಡಬೇಕು.

2024ರಲ್ಲಿ ಠಾಣೇದಾರ್ ವಿರುದ್ಧ ಮತ್ತೆ ನಿಲ್ಲಲು ಹೊರಟ ಹಾಲಿಯರ್ ನಾಮಪತ್ರಕ್ಕೆ ಬೇಕಾದ 1,000 ಸಿಂಧು ಸಹಿಗಳನ್ನು ಒದಗಿಸಲಾಗದೆ ಕಣದಿಂದ ಹೊರಬಿದ್ದರು. ಆ ಬಾರಿ ಠಾಣೇದಾರ್ ಪ್ರಾಥಮಿಕ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಪಡೆದೇ ಗೆದ್ದರು. 2025ರ ಏಪ್ರಿಲ್‌ನಲ್ಲಿ ಅವರು ಅಧ್ಯಕ್ಷ ಟ್ರಂಪ್ ವಿರುದ್ಧ ಏಳು ಆರೋಪಗಳ ದೋಷಾರೋಪಣ (ಇಂಪೀಚ್‌ಮೆಂಟ್) ನಿರ್ಣಯ ಮಂಡಿಸಿದರು. ಸ್ವಪಕ್ಷದ ನಾಯಕರ ಬೆಂಬಲ ಸಿಗದೆ ಮೇ ತಿಂಗಳಲ್ಲಿ ಅದನ್ನು ಮತಕ್ಕೆ ಹಾಕುವ ಒತ್ತಾಯ ಕೈಬಿಟ್ಟರು. ಅದೇ ವಸಂತದಲ್ಲಿ ಡೆಟ್ರಾಯಿಟ್‌ನ ಯುವ ಶಾಸಕ ಡೊನಾವನ್ ಮೆಕಿನ್ನಿ 2026ರ ಪ್ರಾಥಮಿಕ ಚುನಾವಣೆಗೆ ತಮ್ಮ ಸ್ಪರ್ಧೆ ಘೋಷಿಸಿದರು. ಮುಂದಿನ ಗೆರೆಗಳ ಕೆಲಸ 2030ರ ಗಣತಿಯ ನಂತರ ಶುರುವಾಗುತ್ತದೆ. ಆಗ ಹೊಸ ಹದಿಮೂರು ನಾಗರಿಕರನ್ನು ಮತ್ತೆ ಲಾಟರಿಯಲ್ಲಿ ಆರಿಸಲಾಗುತ್ತದೆ. 2020ರ ಗಣತಿಯಲ್ಲಿ ತನ್ನ ಜನರನ್ನು ಕಡಿಮೆ ಎಣಿಸಲಾಗಿದೆ ಎಂದು ಡೆಟ್ರಾಯಿಟ್ ನಗರಾಡಳಿತ ಜನಗಣತಿ ಇಲಾಖೆಯೊಡನೆ ವರ್ಷಗಟ್ಟಲೆ ಜಗಳವಾಡಿದೆ. 2024ರಲ್ಲಿ ಬಂದ ಅಂದಾಜು, 1957ರ ನಂತರ ಮೊದಲ ಬಾರಿಗೆ, ನಗರದ ಜನಸಂಖ್ಯೆ ತುಸು ಏರಿದೆಯೆಂದು ತೋರಿಸಿತು.